ಪೆನ್ಸಿಲ್ ಗೆರೆಗಳ ಪುಸ್ತಕ

ಹೋದ ಮಳೆಗಾಲದಲ್ಲಿ ಒಂದು ಸಂಜೆ ಗಂಡ ಹೆಂಡತಿ ಒಟ್ಟಿಗೇ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದರು. (ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ.) ಆಕೆ ಕೂತವರೇ ಬ್ಯಾಗಿನಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಗ್ಯಾರಿ ಚಾಪ್ಮನ್ ಬರೆದ ‘ದ ಫೈವ್ ಲವ್ ಲ್ಯಾಂಗ್ವೇಜಸ್’. ಪುಟ ಪುಟಕ್ಕೂ ಪೆನ್ಸಿಲ್ ಗೆರೆ, ಅಲ್ಲಲ್ಲಿ ಅಂಚಿನಲ್ಲಿ ಗಂಡನ ಹೆಸರಿನ ಮೊದಲಕ್ಷರ.

“ನೋಡಿ ಮೇಡಂ, ಇದರಲ್ಲಿ ಇರೋದು ಒಂದನ್ನಾದ್ರೂ ಇವರು ಮಾಡ್ತಾರಾ ಕೇಳಿ.”

ಅವರು ತಲೆಯೆತ್ತಿ ಫ್ಯಾನ್ ನೋಡುತ್ತಿದ್ದರು. ಚಾರ್ಜ್‌ಶೀಟ್ ಓದುವಾಗ ಆರೋಪಿ ಇನ್ನೆಲ್ಲಿ ನೋಡಬೇಕು?

ಸಂಬಂಧಗಳ ಬಗೆಗಿನ ಪುಸ್ತಕಗಳು ನನ್ನ ಕೋಣೆಗೆ ಬರುವುದು ಹೆಚ್ಚಾಗಿ ಹೀಗೇ, ಇನ್ನೊಬ್ಬರ ಮೇಲಿನ ಸಾಕ್ಷಿಯಾಗಿ. ಓದಬೇಡಿ ಅನ್ನುವವಳಲ್ಲ ನಾನು. ಎಷ್ಟೋ ಜನಕ್ಕೆ ನಾನೇ ಓದಲು ಹೇಳಿದ್ದೇನೆ. ಆದರೆ ಗೆರೆ ಯಾರ ಹೆಸರಿನಲ್ಲಿ ಬೀಳುತ್ತಿದೆ ಅನ್ನುವುದನ್ನು ಮೊದಲು ನೋಡುತ್ತೇನೆ.

ಚಾಪ್ಮನ್ ಅಮೆರಿಕದ ನಾರ್ತ್ ಕೆರೊಲಿನಾದ ಒಂದು ಚರ್ಚಿನಲ್ಲಿ ಪಾದ್ರಿಯಾಗಿದ್ದವರು. ಸಲಹೆ ಕೇಳಿ ಬಂದ ದಂಪತಿಗಳ ಮಾತು ಕೇಳಿ ಕೇಳಿ 1992ರಲ್ಲಿ ಈ ಪುಸ್ತಕ ಬರೆದರು. ಮೆಚ್ಚುಗೆಯ ಮಾತು, ಜೊತೆಯಲ್ಲಿ ಕಳೆಯುವ ಸಮಯ, ಉಡುಗೊರೆ, ಕೆಲಸದಲ್ಲಿ ನೆರವು, ಸ್ಪರ್ಶ: ಪ್ರೀತಿಗೆ ಈ ಐದು ಭಾಷೆ, ಪ್ರತಿಯೊಬ್ಬರಿಗೂ ಇವುಗಳಲ್ಲಿ ಒಂದು ಮುಖ್ಯ ಭಾಷೆ ಅನ್ನುವುದು ಅವರ ವಾದ. ಇದರಿಂದ ಆದ ಉಪಕಾರ ಸಣ್ಣದಲ್ಲ. “ಇವರಿಗೆ ನನ್ನ ಮೇಲೆ ಪ್ರೀತೀನೇ ಇಲ್ಲ” ಅಂತ ಬಂದವರಿಗೆ ನಾನು ಏನು ಹೇಳಲಿ? “ದಿನಕ್ಕೆ ಅರ್ಧ ಗಂಟೆ ನನ್ನ ಜೊತೆ ಕೂರಲ್ಲ” ಅಂದರೆ ಹಿಡಿದುಕೊಳ್ಳಲು ಒಂದು ತುದಿ ಸಿಗುತ್ತದೆ. ಮೊದಲನೆಯದನ್ನು ಎರಡನೆಯದಾಗಿ ಹೇಳಲು ಈ ಪುಸ್ತಕ ಕಲಿಸುತ್ತದೆ.

ಹಾಗಂತ ಅದನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಕೆನಡಾದ ಮನೋವಿಜ್ಞಾನಿ ಎಮಿಲಿ ಇಂಪೆಟ್ ಮತ್ತು ಸಂಗಡಿಗರು ಈ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒರೆಗೆ ಹಚ್ಚಿ 2024ರಲ್ಲಿ ಒಂದು ಲೇಖನ ಪ್ರಕಟಿಸಿದರು. ಒಬ್ಬರಿಗೆ ಒಂದೇ ಮುಖ್ಯ ಭಾಷೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ, ಬಿಡಿಬಿಡಿಯಾಗಿ ಕೇಳಿದರೆ ಜನ ಐದೂ ಬೇಕು ಅನ್ನುತ್ತಾರೆ ಎಂದರು. ಪ್ರೀತಿಯನ್ನು ಭಾಷೆಗಿಂತ ಸಮತೋಲನದ ಆಹಾರಕ್ಕೆ ಹೋಲಿಸುವುದೇ ಸರಿ ಅನ್ನುವುದು ಅವರ ಸಲಹೆ. ನಮಗೆ ಇದು ಬೇಗ ಅರ್ಥವಾಗುತ್ತದೆ. ಸಾರು ಎಷ್ಟೇ ಚೆನ್ನಾಗಿರಲಿ, ಅನ್ನ ಇಲ್ಲದೆ ಬರೀ ಸಾರು ಬಡಿಸಿದರೆ ಯಾರೂ ಉಂಡೆ ಅನ್ನುವುದಿಲ್ಲ.

ಫ್ಯಾನ್ ನೋಡುತ್ತಿದ್ದವರು ಅರ್ಧ ಗಂಟೆಯ ಮೇಲೆ ಮೊದಲ ಸಲ ಬಾಯಿಬಿಟ್ಟರು. “ಇವಳ ಗಾಡೀಲಿ ಪೆಟ್ರೋಲ್ ಯಾವತ್ತಾದ್ರೂ ಖಾಲಿ ಆಗಿದೆಯಾ, ಕೇಳಿ ಮೇಡಂ.” ಆಕೆ ಸುಮ್ಮನಾದರು. ಮದುವೆಯಾಗಿ ಹನ್ನೊಂದು ವರ್ಷ, ತನ್ನ ಸ್ಕೂಟರ್ ತಗೊಂಡು ಒಂದು ದಿನವೂ ಬಂಕಿನ ಸಾಲಿನಲ್ಲಿ ನಿಂತಿರಲಿಲ್ಲವಂತೆ. ಭಾನುವಾರ ಬೆಳಿಗ್ಗೆ ಅವರೇ ತುಂಬಿಸಿ, ಟೈರಿಗೆ ಗಾಳಿ ಹಾಕಿಸಿ, ಸೀಟು ಒರೆಸಿ ನಿಲ್ಲಿಸಿರುತ್ತಾರೆ. ಪುಸ್ತಕದಲ್ಲಿ ಕೆಲಸದಲ್ಲಿ ನೆರವಿನ ಅಧ್ಯಾಯಕ್ಕೆ ಮಾತ್ರ ಒಂದೂ ಗೆರೆ ಬಿದ್ದಿರಲಿಲ್ಲ. ಹಾಗಂತ ಕೇಸು ಅವರ ಕಡೆ ವಾಲಿತು ಅಂದುಕೊಳ್ಳಬೇಡಿ. ಹೆಂಡತಿ ಕೇಳಿದ್ದು ಮಾತು, ಇವರು ತುಂಬಿಸಿದ್ದು ಟ್ಯಾಂಕು.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವುದು ಅಮೆರಿಕದ ಪುಸ್ತಕವಲ್ಲ, 1942ರ ‘ಮೈಸೂರು ಮಲ್ಲಿಗೆ’. ಕೆ.ಎಸ್. ನರಸಿಂಹಸ್ವಾಮಿಯವರ ರಾಯರು ರಾತ್ರಿ ಮಾವನ ಮನೆಗೆ ಬರುತ್ತಾರೆ. ಕಾಲಿಗೆ ಬಿಸಿನೀರು, ಬೆಳ್ಳಿ ಬಟ್ಟಲಲ್ಲಿ ಗಸಗಸೆ ಪಾಯಸ, ಮೆತ್ತನೆಯ ಹಾಸಿಗೆ, ಯಾವುದಕ್ಕೂ ಕೊರತೆಯಿಲ್ಲ. ಪದುಮಳ ಬಳೆಯ ಸದ್ದು ಮಾತ್ರ ಇಲ್ಲ. ಏಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆಳಗಾಗುತ್ತಲೇ ರಾಯರು ಮುನಿಸಿನಲ್ಲಿ ಹೊರಟು ನಿಲ್ಲುತ್ತಾರೆ. ಸತ್ಕಾರಕ್ಕೆ ಸತ್ಕಾರ, ಮುನಿಸಿಗೆ ಮುನಿಸು! ಹಾಡಾಗಿ ಕೇಳಿ ನಗುತ್ತೇವೆ, ನಮ್ಮ ಮನೆಯಲ್ಲಾದರೆ ವಾರಗಟ್ಟಲೆ ಮಾತು ಬಿಡುತ್ತೇವೆ.

ಮುನಿಸು ಅನ್ನುವ ಪದವನ್ನೇ ನೋಡಿ. ಆಟೋದವನ ಮೇಲೆ, ಮೇಲಧಿಕಾರಿಯ ಮೇಲೆ ಬರುವುದು ಕೋಪ. ಮುನಿಸು ನಮ್ಮವರ ಮೇಲೆ ಮಾತ್ರ. ಮುನಿದವರು ಬಾಗಿಲು ಹಾಕಿಕೊಂಡರೂ ಚಿಲಕ ಹಾಕಿರುವುದಿಲ್ಲ, ಯಾರಾದರೂ ಬಂದು ತಟ್ಟಲಿ ಎಂದು ಒಳಗೇ ಕಾಯುತ್ತಿರುತ್ತಾರೆ. ನನ್ನಲ್ಲಿಗೆ ಬರುವ ಜೋಡಿಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಇನ್ನೂ ಮುನಿಸಿದೆಯೋ, ಅಥವಾ ಅದೂ ಹೋಗಿ ಬರೀ ತಾತ್ಸಾರ ಉಳಿದಿದೆಯೋ. ಸಿಯಾಟಲ್‌ನಲ್ಲಿ ದಂಪತಿಗಳನ್ನು ಪ್ರಯೋಗಾಲಯದಲ್ಲಿ ಕೂರಿಸಿ, ಮಾತಾಡಿಸಿ, ವಿಡಿಯೊ ಮಾಡಿ ಅಧ್ಯಯನ ಮಾಡಿದ ಜಾನ್ ಗಾಟ್ಮನ್ ಕೂಡ ದಾಂಪತ್ಯಕ್ಕೆ ಎಲ್ಲಕ್ಕಿಂತ ಅಪಾಯಕಾರಿ ಅಂದದ್ದು ತಾತ್ಸಾರವನ್ನೇ, ಜಗಳವನ್ನಲ್ಲ. ಅವರ 1999ರ ಪುಸ್ತಕದ ಒಂದು ಲೆಕ್ಕವನ್ನು ನಾನು ಆಗಾಗ ಹೇಳುತ್ತೇನೆ: ಗಂಡ ಹೆಂಡತಿಯ ಜಗಳಗಳಲ್ಲಿ ಶೇ. 69ರಷ್ಟು ಎಂದಿಗೂ ಬಗೆಹರಿಯುವಂಥವಲ್ಲ. ಕೇಳಿದವರಿಗೆ ಬೇಜಾರಾಗುತ್ತದೆ ಅಂದುಕೊಂಡಿದ್ದೆ, ಬಹಳ ಜನ ಉಸ್ಸಪ್ಪಾ ಅನ್ನುತ್ತಾರೆ.

ಹೊಡೆತ ಬಡಿತ ಇರುವ ಮನೆಗೆ ಮಾತ್ರ ನಾನು ಯಾವ ಪುಸ್ತಕವನ್ನೂ ಹೇಳುವುದಿಲ್ಲ. ಅಲ್ಲಿ ಬೇಕಾದದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 181 ಸಹಾಯವಾಣಿ.

ಚಾಪ್ಮನ್‌ಗಿಂತ ಬಹಳ ಮೊದಲೇ, 1956ರಲ್ಲಿ, ಮನೋವಿಶ್ಲೇಷಕ ಎರಿಕ್ ಫ್ರಾಮ್ ‘ದ ಆರ್ಟ್ ಆಫ್ ಲವಿಂಗ್’ ಬರೆದರು. ತನ್ನನ್ನು ಪ್ರೀತಿಸುವವರು ಸಿಗುತ್ತಾರೋ ಇಲ್ಲವೋ ಅನ್ನುವುದೇ ಬಹುಪಾಲು ಜನರ ಚಿಂತೆ, ತನಗೆ ಪ್ರೀತಿಸಲು ಬರುತ್ತದೆಯೇ ಎಂದು ಕೇಳಿಕೊಳ್ಳುವವರು ಕಡಿಮೆ ಎಂದೇ ಅವರು ಶುರುಮಾಡುತ್ತಾರೆ. ಸಂಗೀತದ ಹಾಗೆ, ಮರಗೆಲಸದ ಹಾಗೆ ಇದೂ ಅಭ್ಯಾಸದಿಂದ ಬರಬೇಕಾದ ವಿದ್ಯೆ ಅನ್ನುತ್ತಾರೆ. ಪುಸ್ತಕ ಸಣ್ಣದು, ಓದಲು ಸುಲಭವಲ್ಲ. ಆದರೆ ಅದನ್ನು ಗಂಡನ ಮೇಲೆ ಗೆರೆ ಎಳೆಯಲು ಬಳಸುವುದು ಕಷ್ಟ. ಅದು ಓದಿದವರ ಕಡೆಗೇ ತಿರುಗಿ ಕೈ ತೋರಿಸುತ್ತದೆ.

ನನ್ನ ಡ್ರಾಯರಿನಲ್ಲಿ ಯಾವಾಗಲೂ ಒಂದು ರಬ್ಬರ್ ಇರುತ್ತದೆ. ಅವತ್ತು ಅದನ್ನು ಆಕೆಯ ಕೈಗೆ ಕೊಟ್ಟೆ. ಗೆರೆಗಳನ್ನೆಲ್ಲ ಅಳಿಸಿ ಮತ್ತೊಮ್ಮೆ ಓದಿ, ಈ ಸಲ ನಿಮ್ಮ ಬಗ್ಗೆ ಅನ್ನಿಸಿದ ಸಾಲಿಗಷ್ಟೇ ಗೆರೆ ಹಾಕಿ, ಆಮೇಲೆ ಪುಸ್ತಕ ಅವರಿಗೆ ಕೊಡಿ ಅಂದೆ. (ಪೆನ್ನಿನಲ್ಲಿ ಗೆರೆ ಹಾಕಿಕೊಂಡು ಬರುವವರಿಗೆ ಹೊಸ ಪ್ರತಿಯ ಖರ್ಚು!) ಸಿಟ್ಟಿನಿಂದಲೇ ರಬ್ಬರ್ ತಗೊಂಡು ಹೋದರು.

ಮೂರು ವಾರ ಬಿಟ್ಟು ಬಂದಾಗ ಓದಿದ್ರಾ ಅಂತ ಗಂಡನನ್ನು ಕೇಳಿದೆ.

“ನನಗೆ ಇಂಗ್ಲಿಷ್ ಓದೋಕೆ ತಾಳ್ಮೆ ಇಲ್ಲ ಮೇಡಂ. ರಾತ್ರಿ ಇವಳು ಪಾತ್ರೆ ತೊಳೀವಾಗ ನಾನು ಒರೆಸಿಡ್ತೀನಿ, ಓದಿದ್ದನ್ನ ಕನ್ನಡದಲ್ಲಿ ಹೇಳ್ತಾಳೆ.”

“ಎಲ್ಲಿಗೆ ಬಂತು?”

ಇಬ್ಬರೂ ಮುಖ ಮುಖ ನೋಡಿಕೊಂಡರು. “ಎರಡನೇ ಅಧ್ಯಾಯಕ್ಕೇ ನಿಂತಿದೆ. ಮಧ್ಯೆ ಜಗಳ ಆಯ್ತಲ್ಲ,” ಅಂದರು ಆಕೆ.