ಕಾರ್ಮೆಲ್ ಸ್ನೋ: ಸಂಪಾದಕಿಯ ಕಣ್ಣು

ಫ್ಯಾಷನ್ ಪತ್ರಿಕೋದ್ಯಮ ಓದುವವರಿಗೆ ವಿನ್ಯಾಸಕರ ಹೆಸರುಗಳು ಬೇಗ ಬಾಯಿಪಾಠವಾಗುತ್ತವೆ. ಸಂಪಾದಕರ ಹೆಸರು ನೆನಪಿನಲ್ಲಿ ನಿಲ್ಲುವುದಿಲ್ಲ. ಆ ಕೊರತೆ ತುಂಬಿಕೊಳ್ಳಲು ನಾನು ಮೊದಲು ಸೂಚಿಸುವ ಹೆಸರು ಅಮೆರಿಕದ ಫ್ಯಾಷನ್ ಪತ್ರಿಕೆ ‘ಹಾರ್ಪರ್ಸ್ ಬಜಾರ್’ನ ಸಂಪಾದಕಿಯಾಗಿದ್ದ ಕಾರ್ಮೆಲ್ ಸ್ನೋ. ಪ್ರತಿಭೆಯನ್ನು ಗುರುತಿಸಿ, ಅದಕ್ಕೆ ಪುಟಗಳನ್ನು ಬಿಟ್ಟುಕೊಡುವುದೇ ಸಂಪಾದಕರ ದೊಡ್ಡ ಕೆಲಸ ಎಂಬುದು ಅವರ ವೃತ್ತಿಜೀವನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸ್ನೋ ಹುಟ್ಟಿದ್ದು 1887ರಲ್ಲಿ, ಐರ್ಲೆಂಡಿನಲ್ಲಿ. ಅವರ ತಾಯಿ ನ್ಯೂಯಾರ್ಕಿನಲ್ಲಿ ಸಿರಿವಂತ ಮಹಿಳೆಯರ ಉಡುಪು ಸಿದ್ಧಪಡಿಸುವ ಮಳಿಗೆ ನಡೆಸುತ್ತಿದ್ದರು. ಬಟ್ಟೆ, ಹೊಲಿಗೆ, ಕತ್ತರಿಯ ನಡೆ ಇವೆಲ್ಲ ಅಲ್ಲಿಯೇ ಪರಿಚಯವಾದವು. 1921ರಲ್ಲಿ ಫ್ಯಾಷನ್ ಪತ್ರಿಕೆ ‘ವೋಗ್’ ಸೇರಿದರು, ಮುಂದೆ ಅದರ ಅಮೆರಿಕನ್ ಆವೃತ್ತಿಯ ಸಂಪಾದಕಿಯಾದರು. 1932ರಲ್ಲಿ ಎದುರಾಳಿ ಪತ್ರಿಕೆ ‘ಹಾರ್ಪರ್ಸ್ ಬಜಾರ್’ಗೆ ಹೊರಟುಬಿಟ್ಟರು. ‘ವೋಗ್’ನ ಒಡೆಯ ಕಾಂಡೆ ನಾಸ್ಟ್ ಇದನ್ನು ದ್ರೋಹವೆಂದೇ ಭಾವಿಸಿದರು.

ಇಲ್ಲಿಂದ ಮುಂದಿನ ಭಾಗವನ್ನು ನಿಧಾನವಾಗಿ ಓದಿ. ಆಗಿನ ಫ್ಯಾಷನ್ ಚಿತ್ರಗಳೆಂದರೆ ಹೆಚ್ಚಾಗಿ ಸ್ಟುಡಿಯೋದಲ್ಲಿ ಅಲುಗಾಡದೆ ನಿಂತ ರೂಪದರ್ಶಿಯರ ಚಿತ್ರಗಳು. 1933ರಲ್ಲಿ ಸ್ನೋ ಹಂಗೆರಿಯ ಮಾರ್ಟಿನ್ ಮುಂಕಾಚಿಯವರಿಗೆ ಈಜುಡುಗೆಯ ಚಿತ್ರ ತೆಗೆಯುವ ಕೆಲಸ ಒಪ್ಪಿಸಿದರು. ಅವರು ಕ್ರೀಡಾ ಛಾಯಾಗ್ರಾಹಕರು. ಫ್ಯಾಷನ್ ಅವರ ಕ್ಷೇತ್ರವೇ ಅಲ್ಲ. ಲಾಂಗ್ ಐಲೆಂಡಿನ ಕಡಲತೀರದ ಚಳಿಯಲ್ಲಿ ಅವರು ರೂಪದರ್ಶಿಯನ್ನು ಕ್ಯಾಮೆರಾದತ್ತ ಓಡಿಸಿದರು. ಮೇಲಂಗಿ ಹಿಂದಕ್ಕೆ ಹಾರುತ್ತಿರುವ ಆ ಚಿತ್ರ ಫ್ಯಾಷನ್ ಛಾಯಾಗ್ರಹಣದ ದಿಕ್ಕನ್ನೇ ಬದಲಿಸಿತು. ಕ್ರೀಡೆಯ ಕ್ಯಾಮೆರಾವನ್ನು ಉಡುಪಿನತ್ತ ತಿರುಗಿಸಬಹುದೆಂಬ ಊಹೆಯೇ ನನ್ನ ದೃಷ್ಟಿಯಲ್ಲಿ ಈ ಪ್ರಸಂಗದ ತಿರುಳು, ಮತ್ತು ಆ ಊಹೆ ಸಂಪಾದಕಿಯದು.

ಮರುವರ್ಷ ಸ್ನೋ ಪ್ರದರ್ಶನವೊಂದರಲ್ಲಿ ಅಲೆಕ್ಸಿ ಬ್ರಾಡೊವಿಚ್ ಅವರ ಪುಟ ವಿನ್ಯಾಸಗಳನ್ನು ಕಂಡು, ಅವರನ್ನು ಪತ್ರಿಕೆಯ ಕಲಾ ನಿರ್ದೇಶಕರನ್ನಾಗಿ ಕರೆತಂದರು. ಪುಟದಲ್ಲಿ ಧಾರಾಳವಾಗಿ ಖಾಲಿ ಜಾಗ ಬಿಟ್ಟು, ಅಕ್ಷರಗಳನ್ನು ಚಿತ್ರದ ಆಕಾರಕ್ಕೆ ಹೊಂದಿಸುವ ಅವರ ಶೈಲಿಯನ್ನು ಹಳೆಯ ಸಂಚಿಕೆಗಳಲ್ಲಿ ನೋಡಿಯೇ ತಿಳಿಯಬೇಕು. 1936ರಲ್ಲಿ ಮುಂದೆ ಹೆಸರಾಂತ ಫ್ಯಾಷನ್ ಸಂಪಾದಕಿಯಾದ ಡಯಾನಾ ವ್ರೀಲ್ಯಾಂಡ್ ಬಂದರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಯುವ ಛಾಯಾಗ್ರಾಹಕ ರಿಚರ್ಡ್ ಅವೆಡನ್ ಸೇರಿಕೊಂಡರು.

1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನಲ್ಲಿ ಫ್ರೆಂಚ್ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಅವರ ಮೊದಲ ಪ್ರದರ್ಶನ ನಡೆಯಿತು. ಯುದ್ಧಕಾಲದ ಬಟ್ಟೆಯ ಅಭಾವಕ್ಕೆ ಒಗ್ಗಿದ್ದ ಕಣ್ಣುಗಳ ಮುಂದೆ ಮೀಟರುಗಟ್ಟಲೆ ಬಟ್ಟೆಯ ಅಗಲ ಲಂಗಗಳು, ಬಿಗಿದ ನಡು. ಅದನ್ನು ಮೆಚ್ಚಿ ಸ್ನೋ ಆಡಿದ ಮಾತಿನಿಂದಲೇ ಆ ಸಂಗ್ರಹಕ್ಕೆ ‘ನ್ಯೂ ಲುಕ್’ ಎಂಬ ಹೆಸರು ನಿಂತಿತು. ಪರೀಕ್ಷೆಗೆ ಎಲ್ಲರೂ ಬರೆಯುವುದು ಇದೊಂದನ್ನೇ. ಮುಂಕಾಚಿಯ ಪ್ರಸಂಗವನ್ನೂ ಸೇರಿಸಿದರೆ ಉತ್ತರಕ್ಕೆ ತೂಕ ಬರುತ್ತದೆ.

1958ರಲ್ಲಿ ಸ್ನೋ ಸಂಪಾದಕ ಸ್ಥಾನ ಬಿಟ್ಟರು. ಆ ಕುರ್ಚಿಗೆ ಬಂದವರು ಅವರ ಸಂಬಂಧಿ ನ್ಯಾನ್ಸಿ ವೈಟ್. ಬ್ರಾಡೊವಿಚ್ ಕೂಡ ಅದೇ ವರ್ಷ ಹೊರನಡೆದರು. ಸ್ನೋ 1961ರಲ್ಲಿ ತೀರಿಕೊಂಡರು. ಮರುವರ್ಷ ವ್ರೀಲ್ಯಾಂಡ್, ಕೆಲ ವರ್ಷಗಳ ಬಳಿಕ ಅವೆಡನ್, ಇಬ್ಬರೂ ‘ವೋಗ್’ ಸೇರಿದರು.