ಎದುರಿನ ಕುರ್ಚಿಯಲ್ಲಿ ಯಾರು? ಒಬ್ಬರೇ ಆಡುವ ಗೊಂಬೆ ಯುದ್ಧದ ಕಥೆ

ಮೇಜಿನ ಮೇಲೆ ಮುರಿದ ಸೇತುವೆ. ಅದರ ಈಚೆ ಬದಿಯಲ್ಲಿ ನನ್ನ ಬಿಲ್ಲುಗಾತಿ ಅಡ್ಡ ಬಿದ್ದಿದ್ದಾಳೆ. 28 ಮಿಲಿಮೀಟರ್ ಎತ್ತರದ ಪ್ಲಾಸ್ಟಿಕ್ ಗೊಂಬೆ. ಆರು ಕಾಳಗಗಳಿಂದ ಜೊತೆಗಿದ್ದವಳು. ಹೆಣ ತಿನ್ನುವ ಒಂದು ಘೂಲ್ ಅವಳನ್ನು ಕೆಡವಿದೆ. ಆಟ ಮುಗಿದ ಮೇಲೆ ಬದುಕಿದಳೋ ಇಲ್ಲವೋ ಅಂತ 20 ಮುಖದ ದಾಳ ಹಾಕಿ ನೋಡಬೇಕು. 1ರಿಂದ 4 ಬಿದ್ದರೆ ಸತ್ತಳು. 5ರಿಂದ 8 ಆದರೆ ದೊಡ್ಡ ಗಾಯ. 9 ಅಥವಾ ಮೇಲೆ ಬಿದ್ದರೆ ಮೈ ಕೊಡವಿಕೊಂಡು ಏಳುತ್ತಾಳೆ. ಹಾಕಿದೆ. 3 ಬಿತ್ತು.

ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ದಾಳ ಪುಸ್ತಕದ ಅಂಚಿಗೆ ತಾಗಿ ಸ್ವಲ್ಪ ವಾಲಿ ನಿಂತಿದೆ ಅಂತ ಬೇಕಾದರೆ ಹೇಳಿಕೊಳ್ಳಬಹುದು. ಇನ್ನೊಂದು ಸಲ ಹಾಕಿದರೆ ಕೇಳುವವರು ಯಾರು?

ಒಬ್ಬರೇ ಆಡುವ ಫ್ಯಾಂಟಸಿ ವಾರ್‌ಗೇಮ್ ಕ್ಯಾಂಪೇನ್ ಬಗ್ಗೆ ಈಗ ನಡೆಯುವ ಜಗಳಗಳೆಲ್ಲ ಸುತ್ತಿ ಸುತ್ತಿ ಬಂದು ನಿಲ್ಲೋದು ಈ ವಾಲಿದ ದಾಳದ ಮುಂದೆಯೇ. ಎದುರಾಳಿ ಇಲ್ಲದಿದ್ದರೆ ಅದು ಆಟವೇ ಅಲ್ಲ ಅನ್ನುವವರಿದ್ದಾರೆ. ಶತ್ರುವಿಗೆ ಇನ್ನಷ್ಟು ಬುದ್ಧಿ ಕೊಡುವ ನಿಯಮ ಬರಲಿ ಅನ್ನುವವರಿದ್ದಾರೆ. ಇದು ಕಥೆ ಕಟ್ಟುವ ಕೆಲಸ, ಸೋಲು ಗೆಲುವು ಬಿಡಿ ಅನ್ನುವವರೂ ಇದ್ದಾರೆ. ಎಲ್ಲರೂ ಒಟ್ಟಿಗೆ ಮಾತಾಡುವುದರಿಂದ ಹೊಸಬರಿಗೆ ತಲೆಬುಡ ಗೊತ್ತಾಗಲ್ಲ.

ಮೊದಲು ಆಟ ಏನು ಅಂತ ನೋಡೋಣ. ಚೆಸ್‌ನ ಹಾಗೆ ಇಲ್ಲಿ ಚೌಕಗಳಿಲ್ಲ. ಮೇಜಿನ ಮೇಲೆ ಗುಡ್ಡ, ಮರ, ಪಾಳು ಗೋಡೆ ಇಟ್ಟು, ಬಣ್ಣ ಹಚ್ಚಿದ ಗೊಂಬೆಗಳನ್ನು ಟೇಪು ಹಿಡಿದು ಅಳೆದು ನಡೆಸುತ್ತೇವೆ. ಹೊಡೆತ ಬಿತ್ತೋ ತಪ್ಪಿತೋ ಅನ್ನುವುದನ್ನು ದಾಳ ಹೇಳುತ್ತದೆ. ಒಂದು ಕಾಳಗದ ಫಲ ಮುಂದಿನದಕ್ಕೆ ಹೋದರೆ ಅದು ಕ್ಯಾಂಪೇನ್. ಸತ್ತವರು ಸತ್ತೇ ಇರುತ್ತಾರೆ, ಸಿಕ್ಕಿದ ಕತ್ತಿ ಕೈಯಲ್ಲೇ ಉಳಿಯುತ್ತದೆ.

ಒಂಟಿ ಆಟದ ಬೇರು ಹಳೆಯದು. 1826ರಲ್ಲಿ ಇಂಗ್ಲೆಂಡಿನ ಬ್ರಾಂಟೆ ಮನೆಯ ಮಕ್ಕಳಿಗೆ, ಅವರಲ್ಲಿ ಮೂವರು ಹುಡುಗಿಯರು ಮುಂದೆ ಹೆಸರಾಂತ ಕಾದಂಬರಿಕಾರ್ತಿಯರಾದರು, ಹನ್ನೆರಡು ಮರದ ಸೈನಿಕರು ಸಿಕ್ಕರು. ನಾಲ್ಕು ಮಕ್ಕಳು ಸೇರಿ ಆ ಗೊಂಬೆಗಳ ಸುತ್ತ ರಾಜ್ಯಗಳನ್ನೇ ಕಟ್ಟಿದರು, ವರ್ಷಗಟ್ಟಲೆ ಅವುಗಳ ಕಥೆ ಬರೆದರು. ಅವರ ಆಟದಲ್ಲಿ ಮಕ್ಕಳೇ ಜಿನಿಗಳು. ಸತ್ತ ಸೈನಿಕ ಬೇಕು ಅನಿಸಿದರೆ ಜಿನಿ ಬಂದು ಬದುಕಿಸುತ್ತಿತ್ತು. ಅಂದರೆ ದಾಳ ಮತ್ತೊಮ್ಮೆ ಹಾಕುವ ಆಸೆಗೆ ಸುಮಾರು ಇನ್ನೂರು ವರ್ಷ ವಯಸ್ಸಾಯಿತು.

ಅದೇ ಕಾಲದಲ್ಲಿ, 1824ರಲ್ಲಿ, ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ತನ್ನ ತಂದೆ ಶುರು ಮಾಡಿದ್ದ ಕ್ರೀಗ್ಸ್‌ಶ್ಪೀಲ್ ಅನ್ನುವ ಯುದ್ಧದಾಟವನ್ನು ತಿದ್ದಿ ಹೊರತಂದ. ಅಲ್ಲಿ ಇಬ್ಬರು ಆಟಗಾರರು ಸಾಲದು, ನಡುವೆ ಒಬ್ಬ ತೀರ್ಪುಗಾರ ಇರಲೇಬೇಕು. ಯಾರಿಗೆ ಏನು ಕಾಣುತ್ತದೆ, ಯಾವ ಸುದ್ದಿ ಯಾವಾಗ ತಲುಪುತ್ತದೆ ಅಂತ ಹೇಳುವವನು ಅವನೇ. 1881ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಡಾವೋಸ್‌ನಲ್ಲಿದ್ದ ಲೇಖಕ ಸ್ಟೀವನ್‌ಸನ್, ಹದಿಮೂರು ವರ್ಷದ ಮಲಮಗನ ಜೊತೆ ಅಟ್ಟದ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದು ತವರದ ಸೈನಿಕರ ಯುದ್ಧ ಆಡುತ್ತಿದ್ದ. 1913ರಲ್ಲಿ ಇನ್ನೊಬ್ಬ ಲೇಖಕ ಎಚ್. ಜಿ. ವೆಲ್ಸ್ ಮನೆಯಲ್ಲಿ ಆಡುವ ಗೊಂಬೆ ಯುದ್ಧಕ್ಕೆ ನಿಯಮದ ಪುಸ್ತಕವನ್ನೇ ಬರೆದ. ಆಮೇಲೆ ಎರಡು ಮಹಾಯುದ್ಧ. ಗೊಂಬೆಯಾಟ ಮೂಲೆಗೆ ಸರಿಯಿತು.

ನಿಜವಾದ ತಿರುವು ಬಂದದ್ದು ಯುದ್ಧಗಳಾದ ಮೇಲಿನ ಬ್ರಿಟನ್‌ನಲ್ಲಿ. ಟೋನಿ ಬಾತ್ ಅನ್ನುವವರು ಹೈಬೋರಿಯಾ ಎಂಬ ಕಲ್ಪನೆಯ ಖಂಡದಲ್ಲಿ ವರ್ಷಗಟ್ಟಲೆ ಕ್ಯಾಂಪೇನ್ ನಡೆಸಿದರು. ರಾಜರ, ಸೇನಾಪತಿಗಳ ಸ್ವಭಾವವನ್ನು ಇಸ್ಪೀಟು ಎಲೆ ಎಳೆದು ನಿರ್ಧರಿಸುತ್ತಿದ್ದರು. ಯಾರು ದುರಾಸೆಯವನು, ಯಾರನ್ನು ನಂಬಬಹುದು ಅನ್ನುವುದು ತಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ಎಲೆ ಹೇಳಬೇಕು. ಡೊನಾಲ್ಡ್ ಫೆದರ್‌ಸ್ಟೋನ್ 1973ರಲ್ಲಿ ಒಬ್ಬರೇ ಆಡುವುದರ ಬಗ್ಗೆಯೇ ಪುಸ್ತಕ ಬರೆದರು. ಆ ಕಾಲದವರ ಒಂದು ಉಪಾಯ ನನಗೆ ಇವತ್ತಿಗೂ ತುಂಬಾ ಇಷ್ಟ. ಖಾಲಿ ಬೆಂಕಿಪೊಟ್ಟಣಗಳನ್ನು ಸಾಲಾಗಿ ಅಂಟಿಸಿ ಪುಟ್ಟ ಡ್ರಾಯರುಗಳ ಗೂಡು ಮಾಡುವುದು. ನಕ್ಷೆಯ ಒಂದೊಂದು ಚೌಕಕ್ಕೆ ಒಂದೊಂದು ಪೊಟ್ಟಣ. ಸೇನೆ ಎಲ್ಲಿದೆಯೋ ಆ ಪೊಟ್ಟಣದಲ್ಲಿ ಒಂದು ಬಿಲ್ಲೆ. ಒಂದೇ ಪೊಟ್ಟಣದಲ್ಲಿ ಎರಡು ಸೇನೆಯ ಬಿಲ್ಲೆ ಸಿಕ್ಕರೆ ಅಲ್ಲಿ ಕಾಳಗ.

ಕಂಪ್ಯೂಟರು ಇಲ್ಲ, ಏನಿಲ್ಲ. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗದಂತೆ ಮಾಡುವ ಕೆಲಸವನ್ನು ಬೆಂಕಿಪೊಟ್ಟಣ ಮಾಡುತ್ತಿತ್ತು. ಆ ಕಾಲದ ಉಪಾಯಗಳ ಗುರಿ ಶತ್ರುವನ್ನು ಜಾಣನನ್ನಾಗಿ ಮಾಡುವುದಾಗಿರಲಿಲ್ಲ. ಆಡುವವನ ಕೈ ಕಟ್ಟುವುದಾಗಿತ್ತು. ಇವತ್ತಿನ ಚರ್ಚೆಯಲ್ಲಿ ಈ ವ್ಯತ್ಯಾಸ ಕಳೆದುಹೋಗಿದೆ ಅಂತ ನನಗೆ ಅನಿಸುತ್ತದೆ.

1971ರಲ್ಲಿ ಅಮೆರಿಕದ ಚೈನ್‌ಮೇಲ್ ನಿಯಮಗಳಲ್ಲಿ ಡ್ರ್ಯಾಗನ್ನು, ಮಾಂತ್ರಿಕರು ಕಾಣಿಸಿಕೊಂಡರು. 1974ರಲ್ಲಿ ಅದರಿಂದ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಗುಂಪಿನಲ್ಲಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟಿತು. ಮರುವರ್ಷವೇ ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಒಬ್ಬರೇ ಆಡುವವರಿಗಾಗಿ ನೆಲಮಾಳಿಗೆಯನ್ನು ದಾಳ ಹಾಕುತ್ತಾ ಕಟ್ಟುವ ಕೋಷ್ಟಕಗಳನ್ನು ಪ್ರಕಟಿಸಿದರು. ನೋಡಿ, ಒಂದೇ ವರ್ಷ. ಗುಂಪಿನ ಆಟ ಅಂತ ಹೆಸರಾದದ್ದಕ್ಕೂ ಒಂಟಿ ಆಟಗಾರರು ಅಷ್ಟು ಬೇಗ ಬಂದು ಬಾಗಿಲು ತಟ್ಟಿದ್ದರು.

1983ರಲ್ಲಿ ಬಂದ ಬ್ರಿಟನ್ನಿನ ಫ್ಯಾಂಟಸಿ ಗೊಂಬೆ ಯುದ್ಧ ವಾರ್‌ಹ್ಯಾಮರ್‌ನ ಮೊದಲ ಆವೃತ್ತಿಯಲ್ಲೂ ಆಟ ನಡೆಸಿಕೊಡಲು ಮೂರನೆಯವರೊಬ್ಬರು ಇದ್ದರು. ಮುಂದೆ ಆ ಕುರ್ಚಿ ಮೆಲ್ಲಗೆ ಖಾಲಿಯಾಯಿತು. ಒಂದೊಂದು ಗೊಂಬೆಗೆ ಬಲಕ್ಕೆ ತಕ್ಕ ಪಾಯಿಂಟು ಲೆಕ್ಕ ಹಾಕಿ ಸಮಬಲದ ಎರಡು ಸೇನೆ ಎದುರುಬದುರು ನಿಲ್ಲಿಸುವುದೇ ರೂಢಿಯಾಯಿತು. ಟೂರ್ನಮೆಂಟುಗಳು ಬಂದವು, ಸೇನೆಗಳು ದೊಡ್ಡದಾದವು. ಇದರಲ್ಲಿ ಯಾರ ತಪ್ಪೂ ಇಲ್ಲ ಬಿಡಿ. ಗುರುತಿಲ್ಲದ ಇಬ್ಬರು ಆಡಬೇಕಾದರೆ ಜಗಳವಿಲ್ಲದ ನಿಯಮ ಬೇಕೇ ಬೇಕು. ಆದರೆ ಒಬ್ಬರೇ ಆಡುತ್ತೀನಿ ಅಂತ ಹೇಳಿಕೊಳ್ಳಲು ನಾಚಿಕೆಪಡುವ ಕಾಲ ಅದು. "ಜೊತೆಗೆ ಯಾರೂ ಸಿಗಲಿಲ್ವಾ?" ಅಂತ ನನ್ನನ್ನೂ ಕೇಳಿದ್ದಾರೆ. ಸಿಗುತ್ತಿದ್ದರು. ಅದು ಬೇರೆ ಮಾತು.

ಬೂದಿ ಮುಚ್ಚಿದ ಕೆಂಡದ ಹಾಗೆ ಒಂಟಿ ಆಟ ಬದುಕಿತ್ತು. 1995ರ ವಾರ್‌ಹ್ಯಾಮರ್ ಕ್ವೆಸ್ಟ್ ಆಡಲು ರಾಕ್ಷಸರನ್ನು ನಡೆಸುವವರು ಬೇಕಿರಲಿಲ್ಲ, ಎಲೆ ಮತ್ತು ದಾಳ ಸಾಕಿತ್ತು. ಆಮೇಲೆ ಟೂ ಅವರ್ ವಾರ್‌ಗೇಮ್ಸ್ ಅನ್ನುವ ಪ್ರಕಾಶಕರ ನಿಯಮಗಳಲ್ಲಿ ಗೊಂಬೆಗಳು ತಾವೇ ಪ್ರತಿಕ್ರಿಯೆ ಕೊಡತೊಡಗಿದವು. ಬಾಣ ಬಂದರೆ ಬಗ್ಗಬೇಕೋ, ಓಡಬೇಕೋ, ತಿರುಗಿ ಹೊಡೆಯಬೇಕೋ, ಎಲ್ಲ ದಾಳದ ಮೇಲೆ. ನಮ್ಮ ಕಡೆಯವರೂ ನಮ್ಮ ಮಾತು ಕೇಳಬೇಕೆಂದಿಲ್ಲ! 2003ರ ಮಿಥಿಕ್ ಅನ್ನುವ ನಿಯಮದ ಪುಸ್ತಕ ಇನ್ನೊಂದು ದಾರಿ ತೋರಿಸಿತು. ಬಾಗಿಲ ಹಿಂದೆ ಕಾವಲುಗಾರ ಇದ್ದಾನಾ? ಇರುವ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡಿ ದಾಳ ಹಾಕಿ, ಹೌದು ಅಥವಾ ಇಲ್ಲ ಅನ್ನುವ ಉತ್ತರ ಸಿಗುತ್ತದೆ.

ನಾನು ಒಳಗಿಂದ ಕಂಡದ್ದು ಈಚಿನ ಹತ್ತು ವರ್ಷ. 2015ರಲ್ಲಿ ಜೋಸೆಫ್ ಮೆಕಲ್ಲೊ ಬರೆದ ಫ್ರಾಸ್ಟ್‌ಗ್ರೇವ್ ಅನ್ನುವ ಆಟ ಬಂತು. ಮಂಜಿನಲ್ಲಿ ಹೂತ ನಗರ, ಮಾಂತ್ರಿಕ, ಅವನ ಶಿಷ್ಯ, ಬಾಡಿಗೆ ಸೈನಿಕರು, ಎಲ್ಲ ಸೇರಿ ಹತ್ತು ಗೊಂಬೆ. ನೂರಾರು ಗೊಂಬೆಗಳಿಗೆ ಬಣ್ಣ ಹಚ್ಚುವ ಕಾಟ ತಪ್ಪಿತು. ಇಬ್ಬರು ಆಡಲು ಮಾಡಿದ ಆಟವಾದರೂ ಮೇಜಿನ ಮೇಲೆ ಯಾರ ಕಡೆಯೂ ಸೇರದ ಪ್ರಾಣಿ, ಪಿಶಾಚಿಗಳಿಗೆ ಅದರಲ್ಲಿ ಸರಳ ನಿಯಮವಿತ್ತು. ಕಾದಾಟದಲ್ಲಿದ್ದರೆ ಹೊಡೆ. ಯಾರಾದರೂ ಹತ್ತಿರದಲ್ಲಿ ಕಂಡರೆ ಅವರ ಕಡೆ ನುಗ್ಗು. ಯಾರೂ ಕಾಣದಿದ್ದರೆ ದಾಳ ತೋರಿಸಿದ ದಿಕ್ಕಿಗೆ ಅಲೆ. ಅಷ್ಟೇ. ಈ ಎಳೆ ಹಿಡಿದೇ ಮೆಕಲ್ಲೊ 2018ರಲ್ಲಿ ಒಬ್ಬರು ಅಥವಾ ಗೆಳೆಯರು ಒಂದೇ ಕಡೆ ನಿಂತು ಆಡುವ ರೇಂಜರ್ಸ್ ಆಫ್ ಶ್ಯಾಡೋ ಡೀಪ್ ತಂದರು. ಫ್ರಾಸ್ಟ್‌ಗ್ರೇವ್‌ಗೂ 2019ರಲ್ಲಿ ಒಂಟಿ ಆಟದ ಪುಸ್ತಕ ಬಂತು.

ರೇಂಜರ್ಸ್‌ನಲ್ಲಿ ಒಂದು ಸುತ್ತು ಹೀಗೆ ನಡೆಯುತ್ತದೆ. ಮೊದಲು ನನ್ನ ರೇಂಜರ್ ಓಡಿ ಗೋಡೆ ಮರೆ ಸೇರುತ್ತಾನೆ. ಆಮೇಲೆ ಪಿಶಾಚಿಗಳ ಸರದಿ. ಆಮೇಲೆ ಉಳಿದ ಸಂಗಾತಿಗಳದ್ದು. ಕೊನೆಗೆ ಒಂದು ಎಲೆ ಎಳೆಯಬೇಕು. ಎಲ್ಲ ನನ್ನ ಹಿಡಿತದಲ್ಲಿದೆ ಅಂದುಕೊಂಡಾಗಲೇ ಆ ಎಲೆ ಬೆನ್ನ ಹಿಂದಿನ ಮೂಲೆಯಲ್ಲಿ ಹೊಸ ಪಿಶಾಚಿ ತಂದು ನಿಲ್ಲಿಸುತ್ತದೆ. ಪಿಶಾಚಿಗೆ ತಂತ್ರ ಇಲ್ಲ, ಸುಮ್ನೆ ಹತ್ತಿರದವರ ಮೇಲೆ ಬೀಳುತ್ತದೆ. ಆದರೂ ಆ ಎಲೆ ಮುಟ್ಟುವಾಗ ಕೈ ಒಂದು ಗಳಿಗೆ ತಡೆಯುತ್ತದೆ.

2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಸೇರಿದಾಗ ನಾಚಿಕೆಯ ಮಾತು ಹೋಯಿತು. ಆಮೇಲೆ ಬಂದ ಬಹಳಷ್ಟು ಪುಸ್ತಕಗಳಲ್ಲಿ ಒಂಟಿ ಆಟಕ್ಕೆ ಒಂದು ಅಧ್ಯಾಯವಾದರೂ ಇದೆ. ಐವನ್ ಸೊರೆನ್‌ಸೆನ್ ಅವರ ಫೈವ್ ಲೀಗ್ಸ್ ಫ್ರಮ್ ದ ಬಾರ್ಡರ್‌ಲ್ಯಾಂಡ್ಸ್ ಥರದವು ಹಳ್ಳಿ, ದಾರಿ, ಶತ್ರು, ಲೂಟಿ ಎಲ್ಲವನ್ನೂ ಕೋಷ್ಟಕದಿಂದ ಹುಟ್ಟಿಸುತ್ತವೆ. ಚೆನ್ನಾಗಿವೆ. ಆದರೆ ಕೆಲವು ಸಂಜೆ ಗೊಂಬೆ ಮುಟ್ಟುವ ಮೊದಲೇ ಮುಕ್ಕಾಲು ಗಂಟೆ ಲೆಕ್ಕ ಬರೆಯುತ್ತಾ ಕೂತಿರುತ್ತೇನೆ. ಬೆಂಕಿಪೊಟ್ಟಣ ನೆನಪಾಗುತ್ತದೆ. ಈಗ ಮಾತು ಇನ್ನೂ ಮುಂದೆ ಹೋಗಿದೆ, ಶತ್ರುವನ್ನು ಕಂಪ್ಯೂಟರೇ ನಡೆಸಲಿ ಅನ್ನುತ್ತಾರೆ. ನಡೆಸಲಿ. ವಾಲಿದ ದಾಳವನ್ನು ಮತ್ತೆ ಹಾಕುವವನ ಕೈ ಅದು ಹಿಡಿಯುತ್ತದಾ?

ಬಿಲ್ಲುಗಾತಿಯ ದಾಳ ನಾನು ಮತ್ತೆ ಹಾಕಲಿಲ್ಲ. ಹಾಕಲು ಎತ್ತಿಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದೆ. ಗೊಂಬೆ ಮಾತ್ರ ಇನ್ನೂ ಪೆಟ್ಟಿಗೆ ಸೇರಿಲ್ಲ. ಮುಂದಿನ ಆಟಕ್ಕೆ ಆರು ಜೊಂಬಿ ಬೇಕು. ನನ್ನ ಹತ್ತಿರ ಇರೋದು ಐದೇ.