ಯಾವ ಭಾನುವಾರ, ಎಷ್ಟು ಗಂಟೆಗೆ, ಯಾರ ಮನೆ ಬಾಗಿಲಲ್ಲಿ

ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಗಳಲ್ಲಿ ಒಡವೆಯ ಪಟ್ಟಿ, ಜೀವನಾಂಶದ ಕಂತು, ನಿವೇಶನದ ಚೆಕ್ಕುಬಂದಿ ಪುಟಗಟ್ಟಲೆ ಇರುತ್ತವೆ. ಮಗುವಿನ ಬಗ್ಗೆ ಬಹಳ ಸಲ ಇರುವುದು ಎರಡೇ ಸಾಲು: ‘ಮಗು ತಾಯಿಯ ವಶದಲ್ಲಿರತಕ್ಕದ್ದು. ತಂದೆಗೆ ತಿಂಗಳಲ್ಲಿ ಎರಡು ಭಾನುವಾರ ಭೇಟಿಯ ಹಕ್ಕು ಇರತಕ್ಕದ್ದು.’ ಡಿಕ್ರಿ (ವಿಚ್ಛೇದನದ ಅಂತಿಮ ಆದೇಶ) ಆದ ಮೇಲೆ ಅದೇ ದಂಪತಿ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತುವುದು ಹೆಚ್ಚಾಗಿ ಈ ಎರಡು ಸಾಲಿನ ಸಲುವಾಗಿಯೇ.

ಅರ್ಜಿ ಇಷ್ಟು ಬಡಕಲಾಗಲು ಕಾರಣ ಕಾನೂನು ಬೆಳೆದುಬಂದ ದಾರಿಯಲ್ಲಿದೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಕೇಳಿದ್ದು ಮಗು ಯಾರದು ಎಂದು, ಮಗುವಿನ ವಾರ ಹೇಗೆ ಕಳೆಯಬೇಕು ಎಂದಲ್ಲ. ತಂದೆ ಬದುಕಿದ್ದು, ಅಯೋಗ್ಯನೆಂದು ನ್ಯಾಯಾಲಯಕ್ಕೆ ಕಾಣದಿದ್ದರೆ ಬೇರೆ ಪಾಲಕರನ್ನು ನೇಮಿಸುವಂತಿಲ್ಲ ಎಂದಿತ್ತು ಅದರ 19ನೇ ಕಲಂ. ಅಲ್ಲಿ ‘ತಾಯಿ’ ಎಂಬ ಮಾತು ಸೇರಿದ್ದು 2010ರ ತಿದ್ದುಪಡಿಯಲ್ಲಿ, 120 ವರ್ಷ ಕಳೆದ ಮೇಲೆ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯೂ ತಂದೆಯನ್ನೇ ಮೊದಲ ಸಹಜ ಪಾಲಕನೆಂದಿತು, ‘ಅವನ ನಂತರ’ ತಾಯಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದಿತಾದರೂ, ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದೇ ಓದಿಕೊಂಡು ಬರಲಾಗುತ್ತಿತ್ತು. ತಂದೆ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೂ ಆ ಮಾತು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು 1999ರಲ್ಲಿ, ಗೀತಾ ಹರಿಹರನ್ ಪ್ರಕರಣದಲ್ಲಿ.

ಮಕ್ಕಳು ತಂದೆತಾಯಿಯ ಸೊತ್ತಲ್ಲ ಎಂಬ ಮಾತು ಸುಪ್ರೀಂ ಕೋರ್ಟಿನ 1973ರ ರೋಸಿ ಜೇಕಬ್ ತೀರ್ಪಿನಲ್ಲೇ ಬಂದಿತ್ತು. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ಮೊದಲು ರಾಜಿಗೆ ಯತ್ನಿಸುವ ಹೊಣೆಯನ್ನು ನ್ಯಾಯಾಧೀಶರ ಮೇಲೆ ಹೊರಿಸಿತು. 2015ರ ಮೇನಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಯನ್ನು, ಅಂದರೆ ಮಗು ತಂದೆತಾಯಿ ಇಬ್ಬರ ವಶದಲ್ಲೂ ಇರುವ ಏರ್ಪಾಟನ್ನು, ಕಾನೂನಿಗೆ ಸೇರಿಸಬೇಕೆಂದಿತು. ಆದರೆ ಸಂಸತ್ತು ಆ ಕಾನೂನು ಮಾಡಲಿಲ್ಲ. ಹಾಗಾಗಿ ಇವತ್ತಿಗೂ ಭೇಟಿಯ ವೇಳಾಪಟ್ಟಿ ಕಾಯ್ದೆಯಲ್ಲಿಲ್ಲ. ಇಬ್ಬರೂ ಸಹಿ ಹಾಕಿ ಕೋರ್ಟಿಗೆ ಕೊಡುವ ಒಪ್ಪಂದಪತ್ರದಲ್ಲಿ, ಅಂದರೆ ಜಂಟಿ ಮೆಮೊದಲ್ಲಿ, ಬರೆದುಕೊಂಡಷ್ಟೇ ಕೈಗೆ ಸಿಗುವುದು. 2020ರ ಯಶಿತಾ ಸಾಹು ತೀರ್ಪು, ಮಗುವಿಗೆ ಇಬ್ಬರ ಪ್ರೀತಿಯೂ ಬೇಕು, ಭೇಟಿಯ ವಿವರವನ್ನು ಆದೇಶದಲ್ಲೇ ಸ್ಪಷ್ಟವಾಗಿ ಬರೆಯಬೇಕು ಎಂದು ಒತ್ತಿ ಹೇಳಿದೆ. ಅರ್ಜಿ ಬರೆಯುವವರೆಲ್ಲ ಆ ಮಾತನ್ನು ಮೇಜಿನ ಮೇಲೆ ಅಂಟಿಸಿಕೊಳ್ಳಬೇಕು.

ಭಾನುವಾರದ ಲೆಕ್ಕವನ್ನೇ ನೋಡಿ. ‘ವಾರ ಬಿಟ್ಟು ವಾರ’ ಎಂದು ಬರೆದರೆ, ಐದು ಭಾನುವಾರ ಬರುವ ತಿಂಗಳಲ್ಲಿ ಲೆಕ್ಕ ಪಲ್ಟಿಯಾಗುತ್ತದೆ. ನಾಲ್ಕನೇ ಭಾನುವಾರ ಮಗುವನ್ನು ಕಂಡ ತಂದೆಯ ಎಣಿಕೆಯಲ್ಲಿ ಮುಂದಿನದು ಹೊಸ ತಿಂಗಳ ಮೊದಲ ಭಾನುವಾರ, ತಾಯಿಯ ಎಣಿಕೆಯಲ್ಲಿ ಎರಡನೆಯದು. ಇಬ್ಬರದೂ ಪ್ರಾಮಾಣಿಕ ಲೆಕ್ಕವೇ, ಆದರೂ ಬಾಗಿಲಲ್ಲಿ ಜಗಳ. ‘ಎರಡನೇ ಮತ್ತು ನಾಲ್ಕನೇ ಭಾನುವಾರ, ಬೆಳಿಗ್ಗೆ 10ರಿಂದ ಸಂಜೆ 6’ ಎಂದು ಬರೆದರೆ ಅದಕ್ಕೆ ಎಡೆಯಿಲ್ಲ. ಅರ್ಧ ಗಂಟೆ ತಡಕ್ಕೆ ವಿನಾಯಿತಿಯನ್ನೂ ಸೇರಿಸಿ.

ತಾಯಿ ಮಂಡ್ಯದ ತವರಿನಲ್ಲಿ, ತಂದೆ ಮೈಸೂರಿನಲ್ಲಿ ಎಂದಿಟ್ಟುಕೊಳ್ಳಿ. ಒಂದು ದಾರಿಗೆ ಸುಮಾರು 45 ಕಿ.ಮೀ. ಒಂದೇ ದಿನದಲ್ಲಿ ಹೋಗಿಬಂದರೆ ಮಗುವಿನ ಭೇಟಿಯ ದಿನ ಬಸ್ಸಿನಲ್ಲೇ ಸವೆಯುತ್ತದೆ. ರಾತ್ರಿ ತಂಗುವಷ್ಟು ಮಗು ದೊಡ್ಡದಾಗಿದ್ದರೆ ಶನಿವಾರವೇ ತಂದೆ ಶಾಲೆಯ ಗೇಟಿನಿಂದ ಕರೆದೊಯ್ದು ಭಾನುವಾರ ಸಂಜೆ ಬಿಡುವುದು ಮೇಲು. ಕರೆದೊಯ್ಯುವಾಗ ಗಂಡಹೆಂಡಿರು ಎದುರಾಗುವುದೂ ತಪ್ಪುತ್ತದೆ. ಇದಕ್ಕೆ ಆದೇಶದ ದೃಢೀಕೃತ ನಕಲನ್ನು ಮುಖ್ಯೋಪಾಧ್ಯಾಯರಿಗೆ ಮೊದಲೇ ಕೊಟ್ಟಿರಬೇಕು. ಎರಡು ಮೂರು ವರ್ಷದ ಕೂಸಿಗಾದರೆ ಈ ಲೆಕ್ಕ ಹೊಂದುವುದಿಲ್ಲ. ಅದಕ್ಕೆ ಬೇಕಾದದ್ದು ಚಿಕ್ಕ, ಪದೇಪದೇ ಭೇಟಿ. ಕೋರ್ಟಿನ ಆವರಣದಲ್ಲಿ ಭೇಟಿ ಇಡುವುದು ಅನಿವಾರ್ಯವಾದಾಗ ಮಾತ್ರ ಸರಿ, ಅಲ್ಲಿ ಮಗು ಅಪ್ಪನಿಗಿಂತ ಹೆಚ್ಚು ನೋಡುವುದು ಕರಿಕೋಟುಗಳನ್ನು.

ದಸರಾ ರಜೆಗೆ ಬೇರೆಯೇ ಕಲಂ ಬೇಕು. ಸಮ ವರ್ಷಗಳಲ್ಲಿ ಜಂಬೂಸವಾರಿಯ ದಿನ ಒಬ್ಬರ ಜತೆ, ಬೆಸ ವರ್ಷಗಳಲ್ಲಿ ಇನ್ನೊಬ್ಬರ ಜತೆ ಎಂದು ಬರೆದರೆ ತಕರಾರು ಇರದು. ಯುಗಾದಿ, ಗೌರಿ-ಗಣೇಶ, ಹುಟ್ಟುಹಬ್ಬಕ್ಕೂ ಹೀಗೆಯೇ. ಆದೇಶದಲ್ಲಿ ಇದಿಲ್ಲದೆ, ರಜೆ ಶುರುವಾದ ಮೇಲೆ ಮಧ್ಯಂತರ ಅರ್ಜಿ ಹಾಕಿದರೆ ನೋಟಿಸ್ ಜಾರಿಯಾಗುವಷ್ಟರಲ್ಲಿ ಶಾಲೆ ಬಾಗಿಲು ತೆರೆದಿರುತ್ತದೆ. ಒಂದು ತಿಂಗಳು ಮೊದಲೇ ಹಾಕಬೇಕು.

ಸುಪರ್ದಿಗೆ ಪ್ರತ್ಯೇಕ ಅರ್ಜಿ ಹಾಕುವವರು ಮೊದಲು ಎಡವುವುದು ಊರಿನ ವಿಷಯದಲ್ಲಿ. 1890ರ ಕಾಯ್ದೆಯ 9ನೇ ಕಲಮಿನಂತೆ ಮಗು ಸಾಮಾನ್ಯವಾಗಿ ವಾಸಿಸುವ ಕಡೆಯ ನ್ಯಾಯಾಲಯಕ್ಕೇ ಅಧಿಕಾರ. ಮದುವೆ ಮೈಸೂರಿನಲ್ಲಿ ಆಯಿತೆಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಶಾಲೆಯ ದಾಖಲಾತಿ, ಲಸಿಕೆ ಕಾರ್ಡು, ಆಧಾರ್ ವಿಳಾಸವೇ ಸಾಕ್ಷ್ಯ. ಮಂಡ್ಯದಲ್ಲಿ ಹಾಕಬೇಕಾದದ್ದನ್ನು ಮೈಸೂರಿನಲ್ಲಿ ಹಾಕಿದರೆ, ಅಧಿಕಾರವ್ಯಾಪ್ತಿಯ ತಕರಾರಿನಲ್ಲೇ ತಿಂಗಳುಗಳು ಉರುಳುತ್ತವೆ. ವಕೀಲರ ಫೀಸಿಗೆ ಹಣವಿಲ್ಲದ ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಇದೆ, ಅದಕ್ಕೆ ಅವರ ಆದಾಯ ನೋಡುವುದಿಲ್ಲ.

ಜೀವನಾಂಶ ಬರಲಿಲ್ಲವೆಂದು ಮಗುವನ್ನು ತೋರಿಸದಿರುವುದು, ಮಗುವನ್ನು ತೋರಿಸಲಿಲ್ಲವೆಂದು ಜೀವನಾಂಶ ನಿಲ್ಲಿಸುವುದು: ಎರಡೂ ತಪ್ಪೇ. ಎರಡಕ್ಕೂ ಬೇರೆ ಬೇರೆ ಅರ್ಜಿಯ ದಾರಿಯಿದೆ. ಭೇಟಿ ತಪ್ಪಿದ ದಿನ ಬಾಗಿಲಲ್ಲಿ ಕೂಗಾಡಬೇಡಿ. ಬಂದ ಹೊತ್ತು, ಕಾದ ಹೊತ್ತನ್ನು ಒಂದು ಸರಳ ಮೆಸೇಜಿನಲ್ಲಿ ಎದುರಿನವರಿಗೆ ಕಳಿಸಿ. ಆದೇಶ ಜಾರಿಗೆ ಅರ್ಜಿ ಹಾಕುವಾಗ ನಿಮ್ಮ ಕೈಯಲ್ಲಿರುವ ದಾಖಲೆ ಅದು.

ಭೇಟಿ ತಪ್ಪಿಸಲು ಅತಿ ಸಾಮಾನ್ಯವಾಗಿ ಕೇಳುವ ಮಾತು ‘ಮಗುವಿಗೆ ಜ್ವರ’. ಕೆಲವೊಮ್ಮೆ ಅದು ನಿಜವೂ ಹೌದು. ಅದಕ್ಕೆ ಮೆಮೊದಲ್ಲಿ ಈ ಒಂದು ಕಲಂ ಹಾಕಿಸಿ: ಮಗುವಿಗೆ ಹುಷಾರಿಲ್ಲದ ಭಾನುವಾರ, ಕಾಣಬೇಕಾದವರು ಮಗು ಇರುವ ಮನೆಗೇ ಬಂದು ಒಂದು ಗಂಟೆ ಪಕ್ಕದಲ್ಲಿ ಕೂರಬಹುದು, ಉಳಿದ ಹೊತ್ತಿಗೆ ಮುಂದಿನ ಭಾನುವಾರ ಬದಲಿ.